ಬಣ್ಣ ಹೋದದ್ದು ಬೆಳಕಿನಿಂದಲೇ? ಕಬ್ಬಿಣ ಬೆರೆಸಿದ ಮ್ಯಾಂಗನೀಸ್ ಆಕ್ಸೈಡ್: ತಯಾರಿಕೆ ಮತ್ತು ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣಕ್ಕೆ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿಯನ್ನು ಒಂದು ಚಿಟಿಕೆ ಹಾಕಿ ಬಿಸಿಲಿಗಿಟ್ಟಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ನೀಲಿ ಬಣ್ಣ ಹೆಚ್ಚುಕಡಿಮೆ ಹೋಗಿತ್ತು. ಹಲವು ವರ್ಷಗಳ ಹಿಂದಿನ ಆ ಸಂತೋಷ ಇನ್ನೂ ನೆನಪಿದೆ. ಅದೇ ದಿನ ಸಂಜೆ, ಅಲ್ಯೂಮಿನಿಯಂ ಹಾಳೆ ಸುತ್ತಿ ಕಪಾಟಿನಲ್ಲಿಟ್ಟಿದ್ದ ಇನ್ನೊಂದು ಬೀಕರನ್ನು ತೆರೆದು ನೋಡಿದೆ. ಬೆಳಕಿನ ಒಂದು ಎಳೆಯೂ ತಾಗದ ಆ ಬೀಕರಿನಲ್ಲಿಯೂ ಬಣ್ಣ ಬಹುಪಾಲು ಉಳಿದಿರಲಿಲ್ಲ. ಈ ಬರಹದ ಹಂತಗಳೆಲ್ಲ ಆ ಎರಡನೆಯ ಬೀಕರಿನಿಂದ ಹುಟ್ಟಿದವು.

ಬೆಳಕಿನ ಬಲದಿಂದ ನೀರಿನಲ್ಲಿನ ಬಣ್ಣವನ್ನು ಕೆಡಿಸುವ ಪುಡಿಗಳ, ಅಂದರೆ ದ್ಯುತಿವೇಗವರ್ಧಕಗಳ, ಮೇಲೆ ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಸಂಶೋಧನೆಯ ಮೊದಲ ವರ್ಷದಲ್ಲಿರುವವರು ಮತ್ತು ಅವರಿಗೆ ದಾರಿ ತೋರಿಸುವ ಅಧ್ಯಾಪಕರು ನನ್ನ ಓದುಗರು. ಆಟೊಕ್ಲೇವ್ (ಒತ್ತಡದಲ್ಲಿ ಕಾಯಿಸುವ ಪಾತ್ರೆ) ಇಲ್ಲದ ಕಾಲೇಜು ಪ್ರಯೋಗಾಲಯದಲ್ಲಿಯೂ ಮಾಡಬಹುದಾದ ವಿಧಾನವನ್ನೇ ಆರಿಸಿದ್ದೇನೆ. ಫ್ಯೂಮ್ ಹುಡ್ (ಅನಿಲಗಳನ್ನು ಹೊರಗೆ ಸೆಳೆಯುವ ಗೂಡು) ಇಲ್ಲದ ಕಡೆ ಮಾತ್ರ ಇದಕ್ಕೆ ಕೈ ಹಾಕಬಾರದು.

ಮ್ಯಾಂಗನೀಸ್ ಏಕೆ, ಕಬ್ಬಿಣ ಏಕೆ

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡ್ ವಿದ್ಯುದ್ವಾರದ ಮೇಲೆ ಬೆಳಕು ಬೀಳಿಸಿ ನೀರನ್ನು ಒಡೆದು ತೋರಿಸಿದರು. ಅಂದಿನಿಂದ ದ್ಯುತಿವೇಗವರ್ಧಕ ಎಂದರೆ ಟೈಟಾನಿಯಂ ಡೈಆಕ್ಸೈಡ್ ಎಂಬಂತಾಗಿದೆ. ಅದರ ಕೊರತೆ ಒಂದೇ: ಅನಟೇಸ್ ಎಂಬ ಹರಳು ರೂಪದಲ್ಲಿ ಎಲೆಕ್ಟ್ರಾನನ್ನು ಮೇಲೆಬ್ಬಿಸಲು ಬೇಕಾದ ಶಕ್ತಿ, ಅಂದರೆ ಶಕ್ತಿ ಅಂತರ, 3.2 ಎಲೆಕ್ಟ್ರಾನ್ ವೋಲ್ಟ್ ಇರುವುದರಿಂದ ಸುಮಾರು 387 ನ್ಯಾನೊಮೀಟರಿಗಿಂತ ಕಿರಿದಾದ ತರಂಗದ ಬೆಳಕು ಮಾತ್ರ ಅದಕ್ಕೆ ಉಪಯೋಗಕ್ಕೆ ಬರುತ್ತದೆ. ಬಿಸಿಲಿನಲ್ಲಿ ಅಂಥ ನೇರಳಾತೀತ ಕಿರಣಗಳ ಪಾಲು ಶೇಕಡಾ 5ರಷ್ಟು.

ಮ್ಯಾಂಗನೀಸ್ ಆಕ್ಸೈಡುಗಳಾದರೋ ಕಡುಗಪ್ಪು. ಕಣ್ಣಿಗೆ ಕಾಣುವ ಬೆಳಕಿನ ಬಹುಭಾಗವನ್ನು ಹೀರುತ್ತವೆ. ಅದಿರೂ ಅಪರೂಪದ್ದಲ್ಲ, ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಅದನ್ನು ದಶಕಗಳಿಂದ ಅಗೆಯುತ್ತಿದ್ದಾರೆ. ಹಸಿರೆಲೆಯೊಳಗೆ ನೀರನ್ನು ಒಡೆದು ಆಮ್ಲಜನಕ ಬಿಡುಗಡೆ ಮಾಡುವ ಕೇಂದ್ರದಲ್ಲಿರುವುದೂ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳ ಗೊಂಚಲು. ಇಷ್ಟೆಲ್ಲ ಕೇಳಿದರೆ ಆಸೆ ಹುಟ್ಟುವುದು ಸಹಜ. ಆದರೆ ಬೆಳಕನ್ನು ಹೀರುವುದು ಬೇರೆ, ಹೀರಿದ ಬೆಳಕಿನಿಂದ ಕೆಲಸ ಮಾಡಿಸುವುದು ಬೇರೆ. ಮೇಲೆದ್ದ ಎಲೆಕ್ಟ್ರಾನ್ ತಾನು ಬಿಟ್ಟುಬಂದ ರಂಧ್ರಕ್ಕೆ ಕ್ಷಣಾರ್ಧದಲ್ಲಿ ಮರಳಿಬಿಟ್ಟರೆ ಬೆಳಕೆಲ್ಲ ಶಾಖವಾಗಿ ಹೋಗುತ್ತದೆ. ಅನ್ಯಲೋಹವನ್ನು ಬೆರೆಸುವುದು, ಅಂದರೆ ಡೋಪಿಂಗ್, ಈ ಮರಳುವಿಕೆಯನ್ನು ತಡೆಯಲಿ, ಮೇಲ್ಮೈಯಲ್ಲಿ ಆಮ್ಲಜನಕದ ಕೊರತೆಯ ತಾಣಗಳನ್ನು ಹೆಚ್ಚಿಸಲಿ ಎಂಬ ಉದ್ದೇಶದಿಂದ.

ಯಾವ ಲೋಹ ಎಂಬುದನ್ನು ಅಯಾನಿನ ಗಾತ್ರ ನೋಡಿ ನಿರ್ಧರಿಸಬೇಕು. ನಾಲ್ಕು ಧನಾವೇಶದ ಮ್ಯಾಂಗನೀಸಿನ ತ್ರಿಜ್ಯ 0.53 ಆಂಗ್‌ಸ್ಟ್ರಾಂ. ಮೂರು ಧನಾವೇಶದ ಕೋಬಾಲ್ಟ್ 0.545, ಕಬ್ಬಿಣ 0.645, ಇವು ಮ್ಯಾಂಗನೀಸಿನ ಜಾಗದಲ್ಲಿ ಕೂರಬಲ್ಲವು. ಎರಡು ಧನಾವೇಶದ ತಾಮ್ರ 0.73, ಸ್ವಲ್ಪ ಇಕ್ಕಟ್ಟು. ಬೆಳ್ಳಿಯ ಅಯಾನು 1.15 ಆಂಗ್‌ಸ್ಟ್ರಾಂ ಇರುವುದರಿಂದ ಚೌಕಟ್ಟಿನೊಳಗೆ ಹಿಡಿಸುವುದಿಲ್ಲ; ಹರಳಿನ ಚೌಕಟ್ಟಿನ ನಡುವಿನ ಸುರಂಗಗಳೊಳಗೆ ಸೇರುತ್ತದೆ, ಇಲ್ಲವೇ ಮೇಲ್ಮೈಯಲ್ಲಿ ಬೆಳ್ಳಿಯ ಕಣವಾಗುತ್ತದೆ. ಸೀರಿಯಂ ಬಹುಮಟ್ಟಿಗೆ ತನ್ನದೇ ಆಕ್ಸೈಡಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಇವೆಲ್ಲವನ್ನೂ ‘ಡೋಪಿಂಗ್’ ಎಂದು ಒಂದೇ ಹೆಸರಿನಿಂದ ಕರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕಬ್ಬಿಣ ಅಗ್ಗ, ಸುಲಭವಾಗಿ ಸಿಗುತ್ತದೆ, ಅಳೆಯುವುದೂ ಸುಲಭ. ಕೋಬಾಲ್ಟ್, ನಿಕ್ಕಲ್‌ಗಳಂತೆ ಸೋರಿ ನೀರನ್ನು ವಿಷ ಮಾಡುವ ಚಿಂತೆಯೂ ಕಡಿಮೆ. ಆದ್ದರಿಂದ ಇಲ್ಲಿ ಕಬ್ಬಿಣ.

ಮ್ಯಾಂಗನೀಸ್ ಡೈಆಕ್ಸೈಡಿಗೂ ಹಲವು ರೂಪಗಳಿವೆ. ಬೀಟಾ ರೂಪದ ಸುರಂಗಗಳು ಕಿರಿದು, ಆಲ್ಫಾ ರೂಪದವು ಸುಮಾರು 4.6 ಆಂಗ್‌ಸ್ಟ್ರಾಂ ಅಗಲ. ಡೆಲ್ಟಾ ರೂಪ ಪದರ ಪದರವಾಗಿ ಸುಮಾರು 7 ಆಂಗ್‌ಸ್ಟ್ರಾಂ ಅಂತರದಲ್ಲಿರುತ್ತದೆ. ನಾವು ತಯಾರಿಸುವುದು ಸುರಂಗಗಳಲ್ಲಿ ಪೊಟ್ಯಾಸಿಯಂ ತುಂಬಿಕೊಂಡ ಆಲ್ಫಾ ರೂಪ; ಖನಿಜಲೋಕದಲ್ಲಿ ಇದರ ಹೆಸರು ಕ್ರಿಪ್ಟೊಮಿಲೇನ್.

ಕೈ ಹಾಕುವ ಮುನ್ನ

ಪೊಟ್ಯಾಸಿಯಂ ಪರ್ಮಾಂಗನೇಟನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಜೊತೆ ಎಂದಿಗೂ ಸೇರಿಸಬೇಡಿ. ಅಲ್ಲಿ ಹುಟ್ಟುವ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಸಿಡಿಯುತ್ತದೆ. ಪರ್ಮಾಂಗನೇಟಿನ ಹರಳುಗಳ ಹತ್ತಿರ ಗ್ಲಿಸರಾಲ್, ಆಲ್ಕೊಹಾಲ್, ಕಾಗದದ ಚೂರು ಇರಬಾರದು. ಒಣಗಿದ ಮ್ಯಾಂಗನೀಸ್ ಪುಡಿಯನ್ನು ಅರೆಯುವಾಗ ಮುಖಗವಸು ಕಡ್ಡಾಯ. ಈ ದೂಳನ್ನು ಬಹುಕಾಲ ಉಸಿರಾಡಿದ ಕಾರ್ಮಿಕರಲ್ಲಿ ನಡಿಗೆ ಕೆಡುವ, ಪಾರ್ಕಿನ್‌ಸನ್ ಕಾಯಿಲೆಯನ್ನು ಹೋಲುವ ತೊಂದರೆಯನ್ನು ಕೂಪರ್ ಎಂಬ ವೈದ್ಯರು 1837ರಷ್ಟು ಹಿಂದೆಯೇ ದಾಖಲಿಸಿದ್ದಾರೆ.

ಹಂತ 1: ಪುಡಿಯ ತಯಾರಿಕೆ

250 ಮಿಲಿಲೀಟರಿನ ದುಂಡುತಳದ ಫ್ಲಾಸ್ಕಿನಲ್ಲಿ 15 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ತೆಗೆದುಕೊಂಡು 4.40 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಮಾನೊಹೈಡ್ರೇಟ್ ಕರಗಿಸಿ. ಅದಕ್ಕೆ 1.5 ಮಿಲಿಲೀಟರ್ ಸಾಂದ್ರ ನೈಟ್ರಿಕ್ ಆಮ್ಲ ಹಾಕಿ. ಮ್ಯಾಂಗನೀಸಿಗೆ ಹೋಲಿಸಿ ಶೇಕಡಾ 3 ಮೋಲ್ ಕಬ್ಬಿಣ ಬೇಕೆಂದರೆ ಇದೇ ದ್ರಾವಣಕ್ಕೆ 0.54 ಗ್ರಾಂ ಫೆರಿಕ್ ನೈಟ್ರೇಟ್ ನೊನಾಹೈಡ್ರೇಟ್ ಸೇರಿಸಿ. ಶೇಕಡಾ 1ಕ್ಕೆ 0.18 ಗ್ರಾಂ, ಶೇಕಡಾ 5ಕ್ಕೆ 0.90 ಗ್ರಾಂ. ಕಬ್ಬಿಣ ಹಾಕದ ಒಂದು ಮಾದರಿಯನ್ನೂ ಅದೇ ವಾರ, ಅದೇ ಬಾಟಲಿಗಳ ರಾಸಾಯನಿಕಗಳಿಂದ ಮಾಡಿಟ್ಟುಕೊಳ್ಳಿ. ಹಿಂದಿನ ವರ್ಷದ ವಿದ್ಯಾರ್ಥಿ ಮಾಡಿಟ್ಟ ಪುಡಿ ಹೋಲಿಕೆಗೆ ಬಾರದು.

ಬೇರೊಂದು ಬೀಕರಿನಲ್ಲಿ 2.95 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟನ್ನು 50 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರು ಮಿಲಿಲೀಟರ್ ನೀರಿಗೆ ಈ ಲವಣ ಸುಮಾರು 6.4 ಗ್ರಾಂ ಮಾತ್ರ ಕರಗುತ್ತದೆ. ನಮ್ಮ ಅಳತೆ ಆ ಅಂಚಿಗೆ ಹತ್ತಿರವಿರುವುದರಿಂದ ನೀರು ಬೆಚ್ಚಗಿರಲಿ. ಕಡುನೇರಳೆಯ ಈ ದ್ರಾವಣದಲ್ಲಿ ತಳದ ಹರಳು ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಕಡ್ಡಿಯಿಂದ ತಡವಿ ನೋಡಿ.

ಫ್ಲಾಸ್ಕನ್ನು ಕಲಕುತ್ತ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಿ. ಮೊದಲ ಹನಿಗೇ ಕಂದುಗಪ್ಪು ಗಸಿ ಏಳುತ್ತದೆ. ಎರಡು ಪರ್ಮಾಂಗನೇಟ್ ಮತ್ತು ಮೂರು ಮ್ಯಾಂಗನೀಸ್ ಸಲ್ಫೇಟ್ ಸೇರಿ ಐದು ಮ್ಯಾಂಗನೀಸ್ ಡೈಆಕ್ಸೈಡ್ ಆಗುವ ಕ್ರಿಯೆ ಇದು. ಎಲ್ಲ ಹಾಕಿದ ಮೇಲೆ ಕಂಡೆನ್ಸರ್ ಜೋಡಿಸಿ 100 ಡಿಗ್ರಿಯಲ್ಲಿ 24 ಗಂಟೆ ಕುದಿಸಿ. ಈ ಅವಧಿಯನ್ನು ಕತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಗ ಇಳಿಸಿದರೆ ಹರಳುಗಟ್ಟದ ಪುಡಿ ಸಿಗುತ್ತದೆ, ಅದರ ವರ್ತನೆಯೇ ಬೇರೆ. ರಾತ್ರಿಯಿಡೀ ನಡೆಯುವ ಕುದಿತವಾದ್ದರಿಂದ ಕಂಡೆನ್ಸರಿನ ನೀರು ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡು ಇರಬೇಕು.

ತಣಿದ ಮೇಲೆ ಸೋಸಿ, ತೊಳೆಯಿರಿ. ತೊಳೆಯುವುದು ಇಡೀ ಕೆಲಸದಲ್ಲಿ ಬೇಸರದ ಭಾಗ, ಹಾಗೆಂದೇ ಹೆಚ್ಚು ತಪ್ಪಾಗುವ ಭಾಗ. ಎಷ್ಟು ಸಲ ಎಂದು ಎಣಿಸಬೇಡಿ. ಸೋಸಿದ ನೀರೇ ಹೇಳಲಿ. ಅದರಲ್ಲಿ ಗುಲಾಬಿ ಛಾಯೆ ಸ್ವಲ್ಪವೂ ಇರಬಾರದು, ಏಕೆಂದರೆ ಪುಡಿಯಲ್ಲಿ ಉಳಿದ ಪರ್ಮಾಂಗನೇಟ್ ಮುಂದೆ ತಾನೇ ಬಣ್ಣವನ್ನು ಕೆಡಿಸುತ್ತದೆ. ಪಿಎಚ್ 7ರ ಆಸುಪಾಸಿಗೆ ಬರಬೇಕು. ಬೇರಿಯಂ ಕ್ಲೋರೈಡಿನ ಎರಡು ಹನಿ ಹಾಕಿದರೆ ಬಿಳಿ ಮಬ್ಬು ಬರಬಾರದು; ಬಂದರೆ ಸಲ್ಫೇಟ್ ಇನ್ನೂ ಉಳಿದಿದೆ ಎಂದರ್ಥ. ಮೂರೂ ಆದ ಮೇಲೆ 120 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಅಗೇಟ್ ಕಲ್ಬತ್ತಿನಲ್ಲಿ ಹಗುರವಾಗಿ ಅರೆಯಿರಿ. ಲೆಕ್ಕದ ಪ್ರಕಾರ 3.8 ಗ್ರಾಂ ಡೈಆಕ್ಸೈಡ್ ಬರಬೇಕು. ಪೊಟ್ಯಾಸಿಯಂ ಮತ್ತು ನೀರಿನ ಅಂಶ ಸೇರಿ ತೂಕ ತುಸು ಹೆಚ್ಚಿರಬಹುದು. ಮಫಲ್ ಕುಲುಮೆಯಲ್ಲಿ ಸುಡಲೇಬೇಕೆಂದರೆ 300 ಡಿಗ್ರಿ ದಾಟಬೇಡಿ. 500–600ರ ಆಚೆ ಆಮ್ಲಜನಕ ಕಳೆದುಕೊಂಡು ಅದು ಬೇರೆ ಆಕ್ಸೈಡೇ ಆಗಿಬಿಡುತ್ತದೆ.

ಹಂತ 2: ಕಬ್ಬಿಣ ನಿಜಕ್ಕೂ ಒಳಗೆ ಹೋಯಿತೇ

ಎಕ್ಸ್-ಕಿರಣ ವಿವರ್ತನೆಯಲ್ಲಿ, ತಾಮ್ರದ ಕಿರಣಮೂಲ ಬಳಸಿದರೆ, ಆಲ್ಫಾ ರೂಪದ ಶಿಖರಗಳು 12.8, 18.1, 28.8, 37.5 ಡಿಗ್ರಿಗಳ ಸುತ್ತ ಕಾಣಬೇಕು. ಕಬ್ಬಿಣ ಬೇರೆಯಾಗಿ ಹೆಮಟೈಟ್ ಆಗಿದ್ದರೆ 33.2 ಮತ್ತು 35.6 ಡಿಗ್ರಿಗಳ ಬಳಿ ಹೊಸ ಶಿಖರಗಳು ಏಳುತ್ತವೆ. ಅವು ಕಾಣಲಿಲ್ಲ ಎಂದ ಮಾತ್ರಕ್ಕೆ ಕಬ್ಬಿಣವೆಲ್ಲ ಚೌಕಟ್ಟಿನೊಳಗೆ ಸೇರಿತು ಎಂದು ಬರೆಯಬೇಡಿ. ಹರಳುಗಟ್ಟದ ಕಬ್ಬಿಣದ ಆಕ್ಸೈಡ್ ಶೇಕಡಾ ಎರಡು ಮೂರರಷ್ಟಿದ್ದರೆ ಈ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ಎಷ್ಟು ಹಾಕಿದಿರಿ ಎಂಬುದಕ್ಕಿಂತ ಎಷ್ಟು ಉಳಿಯಿತು ಎಂಬುದು ಮುಖ್ಯ. ಆಮ್ಲೀಯ ದ್ರಾವಣದಲ್ಲಿ ಕಬ್ಬಿಣದ ಒಂದು ಪಾಲು ಸೋಸಿದ ನೀರಿನೊಂದಿಗೆ ಹರಿದು ಹೋಗುತ್ತದೆ. ತೂಕ ಮಾಡಿದ ಪುಡಿಯನ್ನು ದುರ್ಬಲ ಸಲ್ಫ್ಯೂರಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲದ ಬೆಚ್ಚಗಿನ ಮಿಶ್ರಣದಲ್ಲಿ ಕರಗಿಸಿ, ಪರಮಾಣು ಹೀರಿಕೆ ಯಂತ್ರದಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡನ್ನೂ ಅಳೆಯಿಸಿ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಬೇಡ. ಮ್ಯಾಂಗನೀಸ್ ಡೈಆಕ್ಸೈಡಿನೊಂದಿಗೆ ಅದು ಕ್ಲೋರಿನ್ ಅನಿಲ ಬಿಡುತ್ತದೆ. ಮುಂದೆ ಪ್ರಬಂಧದಲ್ಲಿ ಮಾದರಿಯ ಹೆಸರಿನ ಪಕ್ಕ ಬರೆಯಬೇಕಾದ್ದು ಈ ಅಳೆದ ಸಂಖ್ಯೆಯನ್ನು.

ಎಕ್ಸ್-ಕಿರಣ ಫೋಟೊಎಲೆಕ್ಟ್ರಾನ್ ರೋಹಿತದ ಸೌಲಭ್ಯ ಸಿಕ್ಕಿದರೆ ಮ್ಯಾಂಗನೀಸಿನ 3ಎಸ್ ಜೋಡಿ ಶಿಖರಗಳ ಅಂತರ ನೋಡಿ. 4.7 ಎಲೆಕ್ಟ್ರಾನ್ ವೋಲ್ಟಿನ ಹತ್ತಿರವಿದ್ದರೆ ಸರಾಸರಿ ಉತ್ಕರ್ಷಣ ಸ್ಥಿತಿ ನಾಲ್ಕರ ಕಡೆಗೆ, 5.4ರ ಹತ್ತಿರವಿದ್ದರೆ ಮೂರರ ಕಡೆಗೆ. ಮೇಲ್ಮೈ ವಿಸ್ತೀರ್ಣವನ್ನೂ ತಪ್ಪದೆ ಅಳೆಯಿಸಿ. ಕಬ್ಬಿಣ ಸೇರಿದಾಗ ಕಣಗಳು ಚಿಕ್ಕದಾಗಿ ವಿಸ್ತೀರ್ಣ ಹೆಚ್ಚುವುದುಂಟು; ಆಗ ವೇಗ ಹೆಚ್ಚಿದ್ದಕ್ಕೆ ಅಷ್ಟೇ ಕಾರಣವಿರಬಹುದು.

ಹಂತ 3: ಬಣ್ಣ, ಬೆಳಕು, ತಾಪ

0.100 ಗ್ರಾಂ ಮಿಥಿಲೀನ್ ಬ್ಲೂ ಒಂದು ಲೀಟರಿನಲ್ಲಿ ಕರಗಿಸಿ ದಾಸ್ತಾನು ದ್ರಾವಣ ಮಾಡಿ, ಕತ್ತಲಲ್ಲಿಡಿ. ಅದನ್ನು ಹತ್ತು ಪಟ್ಟು ತೆಳುಮಾಡಿದರೆ ಲೀಟರಿಗೆ 10 ಮಿಲಿಗ್ರಾಂ. ಇದರ ಗರಿಷ್ಠ ಹೀರಿಕೆ 664 ನ್ಯಾನೊಮೀಟರಿನಲ್ಲಿ. ನಾಲ್ಕಾರು ಸಾಂದ್ರತೆಗಳಲ್ಲಿ ಅಳೆದು ಸರಳರೇಖೆ ಎಳೆದುಕೊಳ್ಳಿ. 10 ಮಿಲಿಗ್ರಾಂ ದ್ರಾವಣದ ಹೀರಿಕೆ 1.5 ದಾಟುತ್ತದೆ, ಅಷ್ಟು ಗಾಢವಾದಾಗ ಅಣುಗಳು ಜೋಡಿಯಾಗಿ ರೇಖೆ ಬಾಗುತ್ತದೆ. ಅಳೆಯುವ ಮುನ್ನ ತೆಳುಮಾಡುವುದು ಒಳ್ಳೆಯದು.

ಈ ಬಣ್ಣ ಕಾಗದಕ್ಕೂ ಗಾಜಿಗೂ ಅಂಟುತ್ತದೆ. ಮಾದರಿಯನ್ನು ಫಿಲ್ಟರ್ ಕಾಗದದಲ್ಲಿ ಸೋಸಿದರೆ ಕಾಗದವೇ ಒಂದಷ್ಟು ಬಣ್ಣವನ್ನು ನುಂಗುತ್ತದೆ, ನೀವು ಅದನ್ನು ಪುಡಿಯ ಸಾಧನೆ ಎಂದು ಬರೆದುಕೊಳ್ಳುತ್ತೀರಿ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ತೆಗೆಯುವುದೇ ಸರಿ. ಹೀರಿಕೆ ಅಳೆಯಲು ಮಾದರಿ ತುಂಬುವ ಚಿಕ್ಕ ಪಾತ್ರೆಯನ್ನು, ಅಂದರೆ ಕ್ಯುವೆಟ್ಟನ್ನು, ಪ್ರತಿ ಸಲವೂ ಮೆಥನಾಲಿನಲ್ಲಿ ತೊಳೆಯಿರಿ.

ಬೆಳಕಿನ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ. ಮಿಥಿಲೀನ್ ಬ್ಲೂ ತಾನೇ ಕೆಂಪು ಬೆಳಕನ್ನು ಹೀರಿ ಉದ್ರೇಕಗೊಂಡು ಎಲೆಕ್ಟ್ರಾನನ್ನು ಪುಡಿಗೆ ದಾಟಿಸಬಲ್ಲದು. ಆಗ ಕೆಲಸ ಮಾಡಿದ್ದು ಬಣ್ಣವೇ ಹೊರತು ಆಕ್ಸೈಡ್ ಅಲ್ಲ. ಬಣ್ಣ ಬಹಳ ಕಡಿಮೆ ಹೀರುವ 450 ನ್ಯಾನೊಮೀಟರ್ ಸುತ್ತಲಿನ ನೀಲಿ ಎಲ್ಇಡಿ ಬಳಸಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಕಪ್ಪು ಆಕ್ಸೈಡ್ ಮಾತ್ರ ಅಲ್ಲಿಯೂ ಚೆನ್ನಾಗಿ ಹೀರುತ್ತದೆ. ದುಬಾರಿ ಕ್ಸೆನಾನ್ ದೀಪವಿಲ್ಲದ ಪ್ರಯೋಗಾಲಯಕ್ಕೆ ಇದು ವರವೆಂದೇ ಹೇಳುತ್ತೇನೆ. ಬಿಸಿಲನ್ನೇ ಬಳಸುವುದಾದರೆ ಹೋಲಿಸಬೇಕಾದ ಎಲ್ಲ ಬೀಕರುಗಳನ್ನೂ ಒಂದೇ ಹೊತ್ತಿಗೆ, ಒಂದೇ ಸಾಲಿನಲ್ಲಿ ಇಡಿ. ಸೋಮವಾರದ ಬಿಸಿಲನ್ನು ಗುರುವಾರದ ಮೋಡದೊಂದಿಗೆ ಹೋಲಿಸಲಾಗದು.

ಕಪ್ಪು ಪುಡಿ ಬೆಳಕಿನಲ್ಲಿ ಕಾಯುತ್ತದೆ. ನೀರು ಹರಿಯುವ ಎರಡು ಗೋಡೆಯ ಬೀಕರಿನಲ್ಲಿ ತಾಪವನ್ನು 25 ಡಿಗ್ರಿಗೆ ಕಟ್ಟಿಹಾಕಿ. ಅದಿಲ್ಲದಿದ್ದರೆ ದೊಡ್ಡ ನೀರಿನ ತಟ್ಟೆಯಲ್ಲಿ ಬೀಕರುಗಳನ್ನು ಮುಳುಗಿಸಿಟ್ಟು, ಪ್ರತಿ ಮಾದರಿ ತೆಗೆಯುವಾಗ ತಾಪ ಬರೆದುಕೊಳ್ಳಿ.

ಹಂತ 4: ಐದು ಬೀಕರುಗಳು

ಪ್ರತಿಯೊಂದರಲ್ಲಿ 100 ಮಿಲಿಲೀಟರ್ ಬಣ್ಣದ ದ್ರಾವಣ, ಪುಡಿ ಇರುವಲ್ಲಿ 50 ಮಿಲಿಗ್ರಾಂ ಪುಡಿ.

1. ಕಬ್ಬಿಣ ಬೆರೆತ ಪುಡಿ, ಬೆಳಕಿನಲ್ಲಿ.
2. ಅದೇ ಪುಡಿ, ಹಾಳೆ ಸುತ್ತಿ ಕತ್ತಲಲ್ಲಿ, ಅದೇ ತಾಪದಲ್ಲಿ, ಅಷ್ಟೇ ಹೊತ್ತು.
3. ಪುಡಿಯಿಲ್ಲದೆ ಬಣ್ಣ ಮಾತ್ರ, ಬೆಳಕಿನಲ್ಲಿ.
4. ಕಬ್ಬಿಣವಿಲ್ಲದ ಪುಡಿ, ಬೆಳಕಿನಲ್ಲಿ. ಅದರ ಕತ್ತಲ ಜೋಡಿಯನ್ನು ಮರುದಿನವಾದರೂ ಮಾಡಿ.
5. ಒಂದನೆಯ ಪುಡಿಯನ್ನು ನೀರಿನಲ್ಲಿ ಕಲಕಿ ತೆಗೆದುಹಾಕಿ, ಆ ತಿಳಿನೀರಿನಲ್ಲಿ ಬಣ್ಣ ಕರಗಿಸಿ ಬೆಳಕಿನಲ್ಲಿ. ಸೋರಿದ ಲೋಹದ ಅಯಾನುಗಳೇ ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು.

ಮೊದಲು ಎಲ್ಲವನ್ನೂ ಕತ್ತಲಲ್ಲಿ ಕಲಕಿ. ಈ ಆಕ್ಸೈಡಿನ ಮೇಲ್ಮೈ ತಟಸ್ಥ ನೀರಿನಲ್ಲಿ ಋಣಾವೇಶ ಹೊಂದಿರುತ್ತದೆ, ಮಿಥಿಲೀನ್ ಬ್ಲೂ ಧನಾವೇಶದ್ದು. ಒಂದಷ್ಟು ಬಣ್ಣ ಸುಮ್ಮನೆ ಅಂಟಿಕೊಂಡುಬಿಡುತ್ತದೆ. ಎಲ್ಲರೂ 30 ನಿಮಿಷ ಎನ್ನುತ್ತಾರೆ. ನಿಮ್ಮ ಪುಡಿಗೆ ಅಷ್ಟು ಸಾಕೇ ಎಂಬುದನ್ನು ಹತ್ತು ಹತ್ತು ನಿಮಿಷಕ್ಕೆ ಅಳೆದೇ ತಿಳಿಯಬೇಕು. ಇಲ್ಲೊಂದು ತೊಡಕಿದೆ: ಕತ್ತಲಲ್ಲಿಯೂ ಇಳಿತ ನಿಲ್ಲದೆ ಮುಂದುವರಿದರೆ ಅದು ಅಂಟಿಕೊಳ್ಳುವಿಕೆಯ ಆಚೆಗಿನ ಸಂಗತಿ. ಪುಡಿಯನ್ನು ಬೇರ್ಪಡಿಸಿ ಉಪ್ಪು ಬೆರೆಸಿದ ಎಥನಾಲಿನಲ್ಲಿ ಅಲುಗಾಡಿಸಿ ನೋಡಿ. ನೀಲಿ ಮರಳಿ ಬಂದಷ್ಟು ಅಂಟಿಕೊಂಡದ್ದು, ಬಾರದ್ದರಲ್ಲಿ ಬಹುಪಾಲು ಕೆಟ್ಟುಹೋದದ್ದು.

ಬೆಳಕು ಹಾಕಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ 3 ಮಿಲಿಲೀಟರ್ ತೆಗೆಯಿರಿ. 664ರ ಒಂದೇ ಬಿಂದುವನ್ನು ಅಳೆದು ಬಿಡಬೇಡಿ. 200ರಿಂದ 800ರವರೆಗಿನ ಪೂರ್ಣ ರೋಹಿತ ತೆಗೆಯಿರಿ. ಶಿಖರ ಎಡಕ್ಕೆ ಸರಿಯುತ್ತ ಹೋದರೆ ಬಣ್ಣದ ಅಣು ತನ್ನ ಮಿಥೈಲ್ ಗುಂಪುಗಳನ್ನು ಒಂದೊಂದಾಗಿ ಕಳಚುತ್ತಿದೆ ಎಂದರ್ಥ. ಅಷ್ಟಕ್ಕೆ ಅಣು ನಾಶವಾಯಿತು ಎನ್ನಲಾಗದು.

ಹಂತ 5: ಲೆಕ್ಕ

ಆರಂಭದ ಸಾಂದ್ರತೆ ಎಂದರೆ ಕತ್ತಲ ಅವಧಿ ಮುಗಿದಾಗಿನದು. ಅದನ್ನು ಆಯಾ ಹೊತ್ತಿನ ಸಾಂದ್ರತೆಯಿಂದ ಭಾಗಿಸಿ, ಸಹಜ ಲಾಗರಿದಮ್ ತೆಗೆದು, ಕಾಲದೆದುರು ಚಿತ್ರಿಸಿ. ರೇಖೆಯ ಇಳಿಜಾರೇ ವೇಗಾಂಕ.

ಹೀಗೆಂದುಕೊಳ್ಳಿ: ಬೆಳಕಿನ ಬೀಕರಿನಲ್ಲಿ ಹೀರಿಕೆ 1.60ರಿಂದ 60 ನಿಮಿಷಕ್ಕೆ 0.40ಕ್ಕೆ ಇಳಿಯಿತು. ಅನುಪಾತ 4, ಅದರ ಲಾಗರಿದಮ್ 1.386, ವೇಗಾಂಕ ನಿಮಿಷಕ್ಕೆ 0.0231. ಕತ್ತಲ ಬೀಕರಿನಲ್ಲಿ ಅದೇ ಹೊತ್ತಿನಲ್ಲಿ 1.60ರಿಂದ 0.90ಕ್ಕೆ ಇಳಿಯಿತು, ವೇಗಾಂಕ 0.0096. ಬೆಳಕು ಸೇರಿಸಿದ್ದು 0.0135, ಅಂದರೆ ಒಟ್ಟು ವೇಗದ ಶೇಕಡಾ 58. ಪ್ರಬಂಧದಲ್ಲಿ ‘ಶೇಕಡಾ 75 ಬಣ್ಣ ನಾಶ’ ಎಂದು ಮಾತ್ರ ಬರೆದರೆ ಈ 58 ಎಂಬ ಸಂಖ್ಯೆ ಓದುಗನಿಗೆ ಎಂದೂ ಸಿಗುವುದಿಲ್ಲ. ನನಗೆ ಬೇಕಾದ್ದು ಅದೇ ಸಂಖ್ಯೆ.

ಹಂತ 6: ಎಲೆಕ್ಟ್ರಾನುಗಳ ಜಮಾ-ಖರ್ಚು

ಮ್ಯಾಂಗನೀಸ್ ಡೈಆಕ್ಸೈಡ್ ಬೆಳಕಿಲ್ಲದೆಯೂ ಬಲವಾದ ಉತ್ಕರ್ಷಕ. ಆಮ್ಲದಲ್ಲಿ ಅದು ಎರಡು ಎಲೆಕ್ಟ್ರಾನ್ ಪಡೆದು ಎರಡು ಧನಾವೇಶದ ಮ್ಯಾಂಗನೀಸಾಗಿ ಕರಗುತ್ತದೆ. ಈ ಕ್ರಿಯೆಯ ವಿಭವ 1.23 ವೋಲ್ಟ್. ಆಗ ಅದು ವೇಗವರ್ಧಕವಲ್ಲ, ಕ್ರಿಯೆಯಲ್ಲಿ ತಾನೇ ಸವೆದುಹೋಗುವ ಸರಕು.

‘ಐದು ಸಲ ಮರುಬಳಸಿದೆವು, ಸಾಮರ್ಥ್ಯ ಕುಂದಲಿಲ್ಲ, ಆದ್ದರಿಂದ ವೇಗವರ್ಧಕ’ ಎಂಬ ವಾದ ಎಲ್ಲೆಡೆ ಕಾಣುತ್ತದೆ. ಲೆಕ್ಕ ಹಾಕಿ ನೋಡೋಣ. 50 ಮಿಲಿಗ್ರಾಂ ಪುಡಿಯನ್ನು ಶುದ್ಧ ಡೈಆಕ್ಸೈಡ್ ಎಂದುಕೊಂಡರೆ 0.575 ಮಿಲಿಮೋಲ್. ಒಂದಕ್ಕೆ ಎರಡರಂತೆ ಅದು ಸ್ವೀಕರಿಸಬಲ್ಲ ಎಲೆಕ್ಟ್ರಾನು 1150 ಮೈಕ್ರೊಮೋಲ್. ಬೀಕರಿನಲ್ಲಿರುವ ಬಣ್ಣ 1 ಮಿಲಿಗ್ರಾಂ, ಅಂದರೆ ಕೇವಲ 3.13 ಮೈಕ್ರೊಮೋಲ್. ಅಣುವಿನ ನಾಲ್ಕು ಮಿಥೈಲ್ ಗುಂಪುಗಳನ್ನು ಕಳಚಲು ಎಂಟು ಎಲೆಕ್ಟ್ರಾನ್ ಸಾಕು; ಒಟ್ಟು 25 ಮೈಕ್ರೊಮೋಲ್. ಆ ಲೆಕ್ಕದಲ್ಲಿ ಒಂದು ಹಿಡಿ ಬೆಳಕೂ ಇಲ್ಲದೆ ಈ ಪುಡಿ 46 ಸಲ ಬಣ್ಣ ಕೆಡಿಸಬಲ್ಲದು. ಐದು ಸಲದ ಮರುಬಳಕೆ ಏನನ್ನೂ ಸಾಬೀತುಮಾಡುವುದಿಲ್ಲ.

ಈಗ ಇನ್ನೊಂದು ಬದಿಯಿಂದ ನೋಡಿ. ಬಣ್ಣದ ಅಣು ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡ್, ನೀರು, ನೈಟ್ರೇಟ್, ಸಲ್ಫೇಟ್ ಆಗಲು 25.5 ಆಮ್ಲಜನಕದ ಅಣು, ಅಂದರೆ 102 ಎಲೆಕ್ಟ್ರಾನ್ ಬೇಕು. ಒಂದು ಬೀಕರಿಗೆ 319 ಮೈಕ್ರೊಮೋಲ್. ಪುಡಿಯ ಸ್ವಂತ ಗಂಟು ನಾಲ್ಕು ಸಲಕ್ಕೂ ಸಾಲದು. ಹಾಗಾಗಿ ಒಟ್ಟು ಸಾವಯವ ಇಂಗಾಲದ ಅಳತೆ ಮಾಡಿಸಿ, ಪ್ರತಿ ಸುತ್ತಿನಲ್ಲೂ ಇಂಗಾಲ ಪೂರ್ತಿ ಇಳಿದು, ಆರೇಳು ಸುತ್ತಿನ ನಂತರವೂ ಪುಡಿ ಸವೆಯದೆ ಇದ್ದರೆ, ಆಗ ಗಾಳಿಯ ಆಮ್ಲಜನಕವೇ ಎಲೆಕ್ಟ್ರಾನುಗಳನ್ನು ಒಯ್ಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಬಣ್ಣದ ಅಳತೆಯಲ್ಲಿ ಸಿಗದ ಉತ್ತರ ಇಂಗಾಲದ ಅಳತೆಯಲ್ಲಿ ಸಿಗುತ್ತದೆ.

ಹಂತ 7: ನೀರಿಗೆ ಇಳಿದ ಮ್ಯಾಂಗನೀಸ್

ಪ್ರಯೋಗದ ಕೊನೆಯ ತಿಳಿನೀರಿನಲ್ಲಿ ಮ್ಯಾಂಗನೀಸ್ ಅಳೆಯದೆ ಯಾವ ಫಲಿತಾಂಶವನ್ನೂ ಪ್ರಕಟಿಸಬೇಡಿ ಎಂಬುದು ನನ್ನ ಆಗ್ರಹ. ಮೇಲಿನ ಎಂಟು ಎಲೆಕ್ಟ್ರಾನುಗಳ ಲೆಕ್ಕವನ್ನೇ ತೆಗೆದುಕೊಂಡರೆ 12.5 ಮೈಕ್ರೊಮೋಲ್ ಮ್ಯಾಂಗನೀಸ್ ಕರಗಬೇಕು. ಅದು ಲೀಟರಿಗೆ ಸುಮಾರು 6.9 ಮಿಲಿಗ್ರಾಂ. ಭಾರತೀಯ ಮಾನಕ 10500ರ 2012ರ ಆವೃತ್ತಿಯಂತೆ ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 0.3. ಬಣ್ಣ ತೆಗೆಯಲು ಹೋಗಿ ಮಿತಿಯ ಎಪ್ಪತ್ತು ಪಟ್ಟು ಲೋಹವನ್ನು ನೀರಿಗೆ ಬಿಟ್ಟಂತಾಗುತ್ತದೆ.

ಪರಮಾಣು ಹೀರಿಕೆ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ತಿಳಿನೀರನ್ನು ಫಾಸ್ಫರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಪರಅಯೊಡೇಟಿನೊಂದಿಗೆ ಕುದಿಸಿದರೆ ಕರಗಿದ ಮ್ಯಾಂಗನೀಸ್ ಮತ್ತೆ ನೇರಳೆ ಪರ್ಮಾಂಗನೇಟ್ ಆಗುತ್ತದೆ. 525 ನ್ಯಾನೊಮೀಟರಿನಲ್ಲಿ ಅಳೆಯಿರಿ. ಉಳಿದ ಬಣ್ಣ ಅಡ್ಡಿಯಾಗದಂತೆ ಮೊದಲು ನೈಟ್ರಿಕ್ ಆಮ್ಲದಲ್ಲಿ ಕುದಿಸಿ ಅದನ್ನು ಸುಟ್ಟುಬಿಡಬೇಕು. ಅಂಕಿ ಚಿಕ್ಕದಾಗಿ ಬಂದರೆ ತಕ್ಷಣ ನೆಮ್ಮದಿಪಡುವಂತಿಲ್ಲ. ಕರಗಿದ ಮ್ಯಾಂಗನೀಸ್ ಮತ್ತೆ ಪುಡಿಗೇ ಅಂಟಿಕೊಳ್ಳುವ ಸ್ವಭಾವದ್ದು. ಪಿಎಚ್ ಇಳಿದಂತೆ ಅದು ನೀರಿಗೆ ಬರುತ್ತದೆ. ಆದ್ದರಿಂದ ಪಿಎಚ್ 4, 7, 9ರಲ್ಲಿ ಬೇರೆ ಬೇರೆಯಾಗಿ ನೋಡಿ.

ಹಂತ 8: ಯಾವ ಕಣ ಕೆಲಸ ಮಾಡಿತು

ರಂಧ್ರಗಳನ್ನು ಹಿಡಿಯಲು ಇಡಿಟಿಎ (ಲೋಹದ ಅಯಾನುಗಳನ್ನು ಬಿಗಿಯಾಗಿ ಹಿಡಿಯುವ ಸಾವಯವ ಆಮ್ಲ) ಅಥವಾ ಆಕ್ಸಲೇಟ್, ಸೂಪರಾಕ್ಸೈಡನ್ನು ಹಿಡಿಯಲು ಬೆಂಜೊಕ್ವಿನೋನ್, ಹೈಡ್ರಾಕ್ಸಿಲ್ ರ‍್ಯಾಡಿಕಲನ್ನು (ಜೋಡಿಯಿಲ್ಲದ ಎಲೆಕ್ಟ್ರಾನಿರುವ ಚುರುಕಾದ ಕಣ) ಹಿಡಿಯಲು ಆಲ್ಕೊಹಾಲ್ ಎಂಬುದು ಟೈಟಾನಿಯಂ ಡೈಆಕ್ಸೈಡಿನ ಪ್ರಯೋಗಗಳಿಂದ ಬಂದ ಪಟ್ಟಿ. ಅದನ್ನು ಇಲ್ಲಿ ಹಾಗೆಯೇ ಬಳಸಿದರೆ ದಾರಿ ತಪ್ಪುತ್ತೀರಿ. ಎರಡನೆಯ ಹಂತದಲ್ಲಿ ಪುಡಿಯನ್ನು ಕರಗಿಸಲು ನಾವೇ ಆಕ್ಸಾಲಿಕ್ ಆಮ್ಲ ಬಳಸಿದೆವಲ್ಲ, ಇಲ್ಲಿಯೂ ಅದು ಅದನ್ನೇ ಮಾಡುತ್ತದೆ. ಇಡಿಟಿಎಯೂ ಅದೇ ಜಾತಿ. ವೇಗ ಕುಸಿದರೆ ರಂಧ್ರಗಳು ಸಿಕ್ಕಿಬಿದ್ದವೋ, ಪುಡಿಯೇ ಕರಗಿತೋ ಹೇಳಲಾಗದು.

ಹೈಡ್ರಾಕ್ಸಿಲಿಗೆ ಟರ್ಷಿಯರಿ ಬ್ಯೂಟನಾಲ್ ಸಾಕಷ್ಟು ಸುರಕ್ಷಿತ. ಆಮ್ಲಜನಕದ ಪಾತ್ರ ತಿಳಿಯಲು ಒಂದು ಬೀಕರಿಗೆ ನೈಟ್ರೋಜನ್, ಇನ್ನೊಂದಕ್ಕೆ ಗಾಳಿ ಹಾಯಿಸುವುದಕ್ಕಿಂತ ಚೊಕ್ಕ ವಿಧಾನ ಇನ್ನೊಂದಿಲ್ಲ. ನೈಟ್ರೋಜನ್ನಿನಲ್ಲಿಯೂ ಅದೇ ವೇಗವಿದ್ದರೆ ಪುಡಿಯೇ ಸವೆಯುತ್ತಿದೆ ಎಂದು ತಿಳಿಯಿರಿ. ಟೆರಿಫ್ಥಾಲಿಕ್ ಆಮ್ಲದ ಕ್ಷಾರೀಯ ದ್ರಾವಣದಲ್ಲಿ ಪುಡಿಯನ್ನು ಬೆಳಗಿಸಿ, 315 ನ್ಯಾನೊಮೀಟರಿನಲ್ಲಿ ಉದ್ದೀಪಿಸಿ, 425ರ ಹೊಳಪು ನೋಡುವುದು ಹೈಡ್ರಾಕ್ಸಿಲ್ ಹುಟ್ಟಿತೇ ಎಂಬುದಕ್ಕೆ ಇನ್ನೊಂದು ಸಾಕ್ಷಿ.

ಹಂತ 9: ಮಿಥಿಲೀನ್ ಬ್ಲೂ ಆಚೆಗೆ

ತಮಿಳುನಾಡಿನ ತಿರುಪ್ಪೂರಿನ ಬಣ್ಣದ ಘಟಕಗಳಿಂದ ನೊಯ್ಯಲ್ ನದಿ ಹಾಳಾದ ಕತೆ ಈ ಕ್ಷೇತ್ರದ ಎಲ್ಲರಿಗೂ ಗೊತ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಲು ಆದೇಶಿಸಿತು. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಋಣಾವೇಶದವು. ಋಣಾವೇಶದ ನಮ್ಮ ಪುಡಿ ಅವುಗಳನ್ನು ಹತ್ತಿರ ಸೇರಿಸುವುದಿಲ್ಲ. ಬಣ್ಣದ ತೊಟ್ಟಿಯ ನೀರು ಕ್ಷಾರೀಯ, ಅದರಲ್ಲಿ ಉಪ್ಪೂ ವಿಪರೀತ. ಮಿಥಿಲೀನ್ ಬ್ಲೂ ಮೇಲೆ ಬಂದ ಫಲಿತಾಂಶವನ್ನು ‘ಜವಳಿ ತ್ಯಾಜ್ಯ ಶುದ್ಧೀಕರಣ’ ಎಂದು ಕರೆಯುವ ಮುನ್ನ ರಿಯಾಕ್ಟಿವ್ ಬ್ಲ್ಯಾಕ್ 5ರಂಥ ಒಂದು ಬಣ್ಣವನ್ನಾದರೂ, ಲೀಟರಿಗೆ ಕೆಲವು ಗ್ರಾಂ ಸೋಡಿಯಂ ಸಲ್ಫೇಟ್ ಹಾಕಿ, ಪಿಎಚ್ 10ರಲ್ಲಿ ಪರೀಕ್ಷಿಸಿ.

ಬಣ್ಣವಿಲ್ಲದ ಮಾಲಿನ್ಯಕಾರಕವೂ ಒಂದಿರಲಿ. ಫೀನಾಲ್ ಎಲ್ಲರ ಆಯ್ಕೆ, ಆದರೆ ಅದನ್ನೂ ಅನಿಲೀನನ್ನೂ ಮ್ಯಾಂಗನೀಸ್ ಡೈಆಕ್ಸೈಡ್ ಕತ್ತಲಲ್ಲಿಯೇ ಕೆಡಿಸುತ್ತದೆ. ಬೆಂಜೋಯಿಕ್ ಆಮ್ಲ ಅಷ್ಟು ಸುಲಭವಾಗಿ ಬಗ್ಗದು. ಅದು ಕಠಿಣ ಪರೀಕ್ಷೆ, ಹಾಗಾಗಿಯೇ ನಂಬಬಹುದಾದ ಪರೀಕ್ಷೆ.

ಇಷ್ಟೆಲ್ಲ ಮಾಡಿದ ಮೇಲೆ ಬೆಳಕಿನ ಪಾಲು ಶೇಕಡಾ ಹತ್ತೇ ಎಂದು ಬಂದರೆ? ಹಾಗೆಯೇ ಬರೆಯಿರಿ. ಬೆಳಕಿಲ್ಲದೆ ಕೆಲಸ ಮಾಡುವ ಪುಡಿಗೆ ದೀಪವೂ ಬೇಡ, ವಿದ್ಯುತ್ತೂ ಬೇಡ, ರಾತ್ರಿಯೂ ನಡೆಯುತ್ತದೆ. ಕಬ್ಬಿಣ, ಮ್ಯಾಂಗನೀಸ್ ತೆಗೆಯಲು ಈ ಆಕ್ಸೈಡ್ ಲೇಪಿಸಿದ ಮರಳಿನ ಸೋಸುಹಾಸುಗಳನ್ನು ನೀರು ಶುದ್ಧೀಕರಣ ಘಟಕಗಳು ಬಹುಕಾಲದಿಂದ ಬಳಸುತ್ತಿವೆ. ಅದು ಇನ್ನೊಂದು ಒಳ್ಳೆಯ ಪ್ರಾಜೆಕ್ಟ್, ಶೀರ್ಷಿಕೆ ಮಾತ್ರ ಬೇರೆ.

ಕೊನೆಗೆ, ತೊಳೆಯುವ ಕೆಲಸ

ಬಳಸಿದ ಪುಡಿಯನ್ನು ಸಿಂಕಿಗೆ ಸುರಿಯಬೇಡಿ. ಎಲ್ಲ ಬೀಕರುಗಳದ್ದನ್ನೂ ಒಂದೆಡೆ ಸೇರಿಸಿ, ಪಿಎಚ್ ಅನ್ನು 10ರ ಮೇಲಕ್ಕೆ ಏರಿಸಿ, ಒಂದು ದಿನ ಗಾಳಿಗೆ ಬಿಟ್ಟರೆ ಕರಗಿದ ಮ್ಯಾಂಗನೀಸೂ ಕಂದು ಗಸಿಯಾಗಿ ಕೂರುತ್ತದೆ. ಸೋಸಿ, ಒಣಗಿಸಿ, ಭಾರಲೋಹ ತ್ಯಾಜ್ಯದ ಡಬ್ಬಿಗೆ ಹಾಕಿ, ಮೇಲೆ ದಿನಾಂಕ ಬರೆಯಿರಿ. ಗಾಜಿಗೂ ಬೆರಳಿಗೂ ಹತ್ತಿದ ಕಂದು ಕಲೆ ಸೋಪಿಗೆ ಜಗ್ಗುವುದಿಲ್ಲ. ಗಾಜಿಗೆ ದುರ್ಬಲ ಆಕ್ಸಾಲಿಕ್ ಆಮ್ಲ. ಬೆರಳಿಗೆ ವಿಟಮಿನ್ ಸಿ ಮಾತ್ರೆಯೊಂದನ್ನು ನೀರಿನಲ್ಲಿ ಕರಗಿಸಿ ಹಚ್ಚಿದರೆ ನಿಮಿಷದೊಳಗೆ ಹೋಗುತ್ತದೆ.